ಕರಿನೆಲದಲ್ಲಿ ಕಲ್ಲಿದ್ದಲೇಕಿಲ್ಲ?

ಇಂಡಿ, ಸಿಂದಗಿ, ಬಸವನ ಬಾಗೇವಾಡಿಗಳ ಕಡೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಕಪ್ಪು ಬಣ್ಣ. ಹೊಲದ ಎರೆಮಣ್ಣು ಕಪ್ಪು. ಬಾವಿ ತೋಡಿದರೆ ಸಿಗುವ ಕಲ್ಲೂ ಕಪ್ಪು. ಇಂಥ ನೆಲದಲ್ಲಿ ಕಲ್ಲಿದ್ದಲೇಕೆ ಇಲ್ಲವೆಂದು ಮನೆಯ ಮಕ್ಕಳು ಕೇಳಿದರೆ ಅದು ಉಚಿತವಾದ ಪ್ರಶ್ನೆಯೇ ಸರಿ.

ಕಲ್ಲಿದ್ದಲು ಹೆಸರಿಗೆ ಕಲ್ಲು. ಹುಟ್ಟಿನಿಂದ ಅದು ಕಾಡು. ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ, ಭಾರತವು ಗೊಂಡ್ವಾನವೆಂಬ ಮಹಾಖಂಡದ ಭಾಗವಾಗಿದ್ದಾಗ, ತಗ್ಗಿನ ಜೌಗುಗಳಲ್ಲಿ ಗಿಡಮರಗಳು ಬೆಳೆದು ಬಿದ್ದವು. ನದಿಗಳು ಅವುಗಳ ಮೇಲೆ ಮರಳನ್ನೂ ಹೂಳನ್ನೂ ಹೊದಿಸಿದವು. ನೆಲ ಕುಸಿದಷ್ಟೂ ಹೊದಿಕೆ ದಪ್ಪವಾಗಿ, ಶಾಖ ಮತ್ತು ಒತ್ತಡಗಳಿಂದ ಆ ಸಸ್ಯರಾಶಿ ಇದ್ದಲಾಯಿತು.

ಇಂಡಿಯ ಕರಿಗಲ್ಲಿನ ಜನ್ಮವೃತ್ತಾಂತವೇ ಬೇರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ, ಪದರಪದರವಾಗಿ ಹರಿದು ತಣಿದ ಲಾವಾರಸವದು. ಅದು ಶಿಥಿಲವಾಗಿ ಎರೆಮಣ್ಣಾಯಿತು. ಮುದ್ದೇಬಿಹಾಳ, ತಾಳಿಕೋಟೆಗಳ ಕಡೆ ಈ ಹೊದಿಕೆ ಮುಗಿದು, ಅಡಿಯ ಸುಣ್ಣಕಲ್ಲು, ಗ್ರಾನೈಟುಗಳು ಹೊರಗೆ ಕಾಣುತ್ತವೆ. ಅವಾದರೋ ನೆಲದ ಮೇಲೆ ಗಿಡಮರಗಳು ಹುಟ್ಟುವುದಕ್ಕೂ ಮುಂಚಿನವು. ಹೀಗೆ ಮೇಲಿನದು ಬೆಂಕಿಯ ಕಲ್ಲು, ಕೆಳಗಿನದು ಕಾಡಿಗಿಂತ ಹಳೆಯ ಕಲ್ಲು. ನಡುವಣ ಇದ್ದಲಿನ ಯುಗದ ಪದರ ಇಲ್ಲಿ ಉಳಿದಿಲ್ಲ.

ಆ ಪದರ ಹೇರಳವಾಗಿ ಉಳಿದಿರುವುದು ಪೂರ್ವದ ತೆಲಂಗಾಣದಲ್ಲಿ. ಅಲ್ಲಿ ಪ್ರಾಣಹಿತಾ-ಗೋದಾವರಿ ಕಣಿವೆಯುದ್ದಕ್ಕೂ ಸುಮಾರು 350 ಕಿಲೋಮೀಟರ್ ಕಲ್ಲಿದ್ದಲಿನ ಕ್ಷೇತ್ರ ಹಬ್ಬಿದೆ. 1871ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆಯ ಡಾ. ವಿಲಿಯಂ ಕಿಂಗ್ ಯೆಲ್ಲಂದು ಗ್ರಾಮದ ಬಳಿ ಅದನ್ನು ಗುರುತಿಸಿದರು. 1889ರಲ್ಲಿ ಗಣಿಗಾರಿಕೆ ಮೊದಲಾಯಿತು. ಅದೇ ಮುಂದೆ ಸಿಂಗರೇಣಿ ಎಂದು ಪ್ರಸಿದ್ಧವಾಯಿತು.

ಕನ್ನಡನಾಡಿಗೂ ಈ ಕಣಿವೆಗೂ ನಿಕಟ ಸಂಬಂಧವುಂಟು. 1985ರಲ್ಲಿ ಆರಂಭವಾದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಒಲೆಗೆ ಸಿಂಗರೇಣಿಯ ಇದ್ದಲೇ ಬಹುಕಾಲದ ಆಧಾರ. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿರುವ 2,400 ಮೆಗಾವಾಟ್ ಸಾಮರ್ಥ್ಯದ ಕೇಂದ್ರಕ್ಕೆ ನೀರು ಸಮೀಪದ ಆಲಮಟ್ಟಿಯದು; ಇದ್ದಲು ಮಾತ್ರ ಹೊರರಾಜ್ಯಗಳಿಂದ ರೈಲಿನಲ್ಲಿ ಬರಬೇಕು. ಗಣಿಯಲ್ಲಿ ಕೆಲಸ ನಿಂತರೂ, ರೈಲು ತಡವಾದರೂ ಅದರ ಬಿಸಿ ಇಲ್ಲಿಯ ಮನೆಗಳಿಗೆ ತಟ್ಟುತ್ತದೆ.

ಎರೆಭೂಮಿ ಮಳೆ ಬಂದ ವರ್ಷ ಮತ್ತೆ ಜೋಳ ಕೊಡುತ್ತದೆ. ಕೋಟಿ ವರ್ಷಗಳ ಇದ್ದಲಿಗಾದರೋ ಎರಡನೆಯ ಬೆಳೆಯಿಲ್ಲ. ಬೇಡದ ದೀಪವನ್ನು ಆರಿಸುವಾಗ ಗೃಹಸ್ಥರು ಇದನ್ನು ಮಕ್ಕಳಿಗೆ ಹೇಳಬಹುದು.