ಪಾರ್ಸೆಲ್ಲು ಹೊಸಪೇಟೆವರೆಗೂ ಬಂದಿದೆ!

ಮುಂಬಯಿಯಿಂದ ಹೊರಟ ಪೆಟ್ಟಿಗೆ ಎರಡೇ ದಿನದಲ್ಲಿ ಹೊಸಪೇಟೆ ಮುಟ್ಟಿ, ಅಲ್ಲಿಂದ ಬುಕ್ಕಸಾಗರಕ್ಕೆ ಬರಲು ನಾಲ್ಕು ದಿನ ತೆಗೆದುಕೊಂಡರೆ ಯಾರನ್ನು ದೂರಬೇಕು? ಕಳಿಸಿದ ಅಂಗಡಿಯವರು ‘ನಮ್ಮ ಕೈ ಬಿಟ್ಟಾಯಿತು’ ಎನ್ನುತ್ತಾರೆ. ಕೊರಿಯರ್‌ನವರು ‘ಆ ಕಡೆ ನಮ್ಮ ಹುಡುಗ ದಿನಾ ಬರೋದಿಲ್ಲ, ನೀವೇ ಬಂದು ಒಯ್ಯಿರಿ’ ಎನ್ನುತ್ತಾರೆ. ಮೋಟರಿನ ಬಿಡಿಭಾಗಕ್ಕೆ ಕಾಯುತ್ತಿರುವ ರೈತನ ಬಾಳೆ ತೋಟಕ್ಕೆ ಈ ಸಬೂಬೆಲ್ಲ ಅರ್ಥವಾಗುವುದಿಲ್ಲ.

ಯಾವ ಕೊರಿಯರ್ ನಂಬಿಕಸ್ಥ ಎಂಬ ಪ್ರಶ್ನೆಗೆ ಊರು ಹೇಳದೆ ಉತ್ತರ ಕೊಡಲಾಗದು. ಬೆಂಗಳೂರಿನ ಜಯನಗರದಲ್ಲಿ ಶಹಭಾಸ್ ಎನಿಸಿಕೊಂಡ ಕಂಪನಿ ಕಮಲಾಪುರ ದಾಟುತ್ತಲೇ ಮುಗ್ಗರಿಸಬಹುದು. ಅಲ್ಲಿ ಒಂದೇ ಬೀದಿಗೆ ಹತ್ತಾರು ಪಾರ್ಸೆಲ್, ಇಲ್ಲಿ ಒಂದು ಪೊಟ್ಟಣಕ್ಕೆ ಒಂದು ಸುತ್ತಿನ ಪೆಟ್ರೋಲು. ಅನೇಕ ಕಡೆ ಈ ಕೊನೆಯ ಹಾದಿಯನ್ನು ಕಂಪನಿ ತಾನು ತುಳಿಯುವುದೂ ಇಲ್ಲ, ಸ್ಥಳೀಯ ಏಜೆಂಟರಿಗೆ ಒಪ್ಪಿಸಿರುತ್ತದೆ. ಫಲಕದ ಮೇಲೆ ಹೆಸರು ದೊಡ್ಡದು, ಮನೆಗೆ ಬರಬೇಕಾದ ಸೈಕಲ್‌ಮೋಟಾರು ಬೇರೆಯವರದು.

ಲಾರಿ ಆಫೀಸಿನವರು ಈ ಮಟ್ಟಿಗೆ ನೇರ. ‘ಗೋಡೌನ್ ಡೆಲಿವರಿ’ ಎಂದು ಬರೆದರೆ ಮಾಲು ಗೋಡೌನಿನಲ್ಲೇ ಇರುತ್ತದೆ. ಸಾರಿಗೆ ನಿಗಮಗಳು 2021ರಲ್ಲಿ ಶುರುಮಾಡಿದ ‘ನಮ್ಮ ಕಾರ್ಗೋ’ ಬಸ್ ನಿಲ್ದಾಣವನ್ನು ನೆಚ್ಚಿಕೊಂಡದ್ದು. (ಅದಕ್ಕೂ ಮೊದಲು ಕಂಡಕ್ಟರರ ಕೈಗೆ ಗಂಟು ಕೊಟ್ಟು ಕಳಿಸುತ್ತಿದ್ದ ಕಾಲವನ್ನು ಹಳಬರು ಮರೆತಿಲ್ಲ. ರಸೀದಿ ಇರುತ್ತಿರಲಿಲ್ಲ, ಗಂಟು ಮಾತ್ರ ಬರುತ್ತಿತ್ತು!)

ಅಂಚೆಯನ್ನು ಆಮೆಗೆ ಹೋಲಿಸುವುದು ರೂಢಿ. 1986ರಲ್ಲಿ ಸ್ಪೀಡ್ ಪೋಸ್ಟ್ ಬಂದ ಮೇಲೂ ಆ ಹೆಸರು ಪೂರ್ತಿ ಹೋಗಿಲ್ಲ. ಆದರೆ ಹಳ್ಳಿಯ ಶಾಖಾ ಅಂಚೆ ಕಚೇರಿಯ ಡಾಕ್ ಸೇವಕರಿಗೆ ಯಾರ ಮನೆ ಯಾವುದು, ಯಾರು ಗದ್ದೆಗೆ ಹೋಗಿದ್ದಾರೆ ಎಂಬುದು ಗೊತ್ತು. ‘ವಿಳಾಸ ಸಿಗಲಿಲ್ಲ’ ಎಂದು ಹಿಂದಿರುಗಿಸುವ ಪ್ರಸಂಗ ಅವರಿಗೆ ಬರುವುದು ಅಪರೂಪ. ಮಹಾನಗರದ ಅಪಾರ್ಟ್‌ಮೆಂಟುಗಳಲ್ಲಿ ಇದೇ ಮಾತು ಹೇಳುವುದು ಕಷ್ಟ.

ವಿಳಾಸದ ಗೊಂದಲ ಸಣ್ಣದಲ್ಲ. ಬೆಂಗಳೂರಿನ ಪಕ್ಕ ಆನೇಕಲ್ ತಾಲ್ಲೂಕಿನ ಜಿಗಣಿ ಬಳಿಯೂ ಒಂದು ಬುಕ್ಕಸಾಗರವಿದೆ. ಹಂಪಿ ಸೀಮೆಯ ಬುಕ್ಕಸಾಗರವೋ 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಕಂಪ್ಯೂಟರಿನ ಪಟ್ಟಿಯಲ್ಲಿ ಹಳೆಯ ಜಿಲ್ಲೆಯೇ ಕೂತಿದ್ದರೆ ಆಶ್ಚರ್ಯವಿಲ್ಲ. ಒಂದೇ ಹೆಸರಿನ ಊರುಗಳ ಈ ತಂಟೆಗೆಂದೇ 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂದದ್ದು. ಆನೇಕಲ್ ಕಡೆಯದು 56ರಿಂದ ಶುರುವಾದರೆ ಈ ಸೀಮೆಯದು 58ರಿಂದ.

ಆದರೆ ಪಿನ್‌ಗೆ ನದಿ ಕಾಣುವುದಿಲ್ಲ. ಹೊಸಪೇಟೆಯದು 583201, ತುಂಗಭದ್ರೆಯ ಆಚೆ ಕೊಪ್ಪಳ ಜಿಲ್ಲೆಯ ಗಂಗಾವತಿಯದು 583227. ಮೊದಲ ಮೂರಂಕಿ ಒಂದೇ, ನಡುವೆ ಹೊಳೆ. ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರ ಪ್ರಾಣ ಹೋಯಿತು. ಕಡೆಬಾಗಿಲು–ಬುಕ್ಕಸಾಗರ ಸೇತುವೆ ಆಮೇಲೆ ಬಂತು. ಕಣ್ಣೆದುರಿನ ದಂಡೆ ಹತ್ತಿರವಾದದ್ದು ಆಗಲೇ.

ದುಡ್ಡು ಕಟ್ಟುವ ಮೊದಲು ಕೇಳಬೇಕಾದ್ದು ‘ಎಷ್ಟು ದಿನ?’ ಎಂದಷ್ಟೇ ಅಲ್ಲ, ‘ಎಲ್ಲಿಯವರೆಗೆ?’ ಎಂದು. ಮನೆಬಾಗಿಲಿಗೆ ಎಂದರೆ ರಸೀದಿಯಲ್ಲಿ ಬರೆಸಿಕೊಳ್ಳಬೇಕು. ಮನೆಯಲ್ಲಿ ಜನವಿದ್ದೂ ‘ಬಾಗಿಲು ಹಾಕಿತ್ತು’ ಎಂಬ ಸಂದೇಶ ಮೊಬೈಲಿಗೆ ಬಂದರೆ ಅದನ್ನು ಅಳಿಸದೆ ಇಟ್ಟುಕೊಳ್ಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಕಂಪನಿಯ ಕಚೇರಿ ಮುಂಬಯಿಯಲ್ಲಿದ್ದರೂ ಗ್ರಾಹಕ ತಾನು ವಾಸಿಸುವ ಸ್ಥಳದ ವ್ಯಾಪ್ತಿಯ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು.