ಚಾರಣದ ಚೀಲಕ್ಕೊಂದು ಬುತ್ತಿ



ಮಳೆ ಬಿದ್ದು ಸಹ್ಯಾದ್ರಿ ಹಸಿರಾಯಿತೆಂದರೆ ಸಾಕು, ಭಾನುವಾರ ಬೆಳಿಗ್ಗೆ ಠಾಣೆ, ಡೊಂಬಿವಲಿ, ಕಲ್ಯಾಣದ ಸ್ಟೇಷನ್ನುಗಳಲ್ಲಿ ಬೆನ್ನಿಗೆ ಚೀಲ ಏರಿಸಿದ ನಿಮ್ಮಂಥವರದೇ ಸಂತೆ. ಕೆಲವರು ಆಸನಗಾಂವ್‌ನಲ್ಲಿ ಇಳಿದು ಮಾಹುಲಿ ಕೋಟೆಗೆ, ಕೆಲವರು ಕಸಾರಾದಿಂದ 1646 ಮೀಟರ್ ಎತ್ತರದ ಕಳಸೂಬಾಯಿಗೆ. ನವಿ ಮುಂಬಯಿಯವರಿಗಂತೂ ಪನ್ವೇಲಿನ ಆಚೆಗೆ ಪ್ರಬಲಗಡ ಇದ್ದೇ ಇದೆ. ಬೂಟನ್ನು ಹತ್ತು ಅಂಗಡಿ ತಿರುಗಿ ಕೊಳ್ಳುವ ನೀವು, ತಿಂಡಿಯನ್ನು ಮಾತ್ರ ಕೊನೆಯ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದು ತುಂಬಿಕೊಂಡು ಓಡುತ್ತೀರಿ.

ಬೈಯುತ್ತಿಲ್ಲ. ನಾನೂ ಅದೇ ತಪ್ಪು ಮಾಡಿದವನು. ಒಮ್ಮೆ ಜುಲೈ ತಿಂಗಳಲ್ಲಿ ನೂಡಲ್ಸ್ ಪೊಟ್ಟಣಗಳನ್ನು ನಂಬಿಕೊಂಡು ಮಾಹುಲಿ ಹತ್ತಿದೆವು. ಸುರಿವ ಮಳೆಯಲ್ಲಿ ಒಲೆ ಹತ್ತಿಸುವುದೆಂತು? ಇಡ್ಲಿಯ ಜೊತೆಗಿದ್ದ ಕಾಯಿ ಚಟ್ನಿ ಹಳಸಿತ್ತು. ಆಗ ವಿಜಾಪುರ ಕಡೆಯ ಗೆಳೆಯನೊಬ್ಬ ಬಟ್ಟೆಯ ಗಂಟು ಬಿಚ್ಚಿದ: ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಅಚ್ಚು ಬೆಲ್ಲ. ರೈಲಿನಲ್ಲಿ ಆ ಗಂಟನ್ನು ನೋಡಿ ನಕ್ಕವರೆಲ್ಲ ಅಂದು ಅದರಿಂದಲೇ ಹೊಟ್ಟೆ ತುಂಬಿಸಿಕೊಂಡೆವು!

ಚಾರಣದ ತಿಂಡಿ ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಬೆಂಕಿ ಬೇಕೇ? ಭಾರವೆಷ್ಟು? ಸಂಜೆಯವರೆಗೆ ಕೆಡದೆ ಉಳಿದೀತೇ? ನೂರು ಗ್ರಾಂ ಅನ್ನದಲ್ಲಿ ಸುಮಾರು 130 ಕ್ಯಾಲರಿ, ಅಷ್ಟೇ ತೂಕದ ಶೇಂಗಾದಲ್ಲಿ 560ಕ್ಕೂ ಹೆಚ್ಚು. ಅನ್ನ ಹೊತ್ತವನು ಹೆಚ್ಚಾಗಿ ಹೊರುವುದು ನೀರನ್ನೇ. ಕೆಡುವುದಕ್ಕೂ ಆ ನೀರೇ ಕಾರಣ. ಸೆಕೆಯಲ್ಲಿ ಗಂಟೆಗಟ್ಟಲೆ ಉಳಿದ ಅನ್ನದಲ್ಲಿ ಬೆಳೆಯುವ ಕೆಲವು ಸೂಕ್ಷ್ಮಜೀವಿಗಳ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

1961ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾಲಯ ನಮ್ಮ ಸೈನಿಕರಿಗಾಗಿ ಬಹುಕಾಲ ಕೆಡದ ಆಹಾರ ಸಿದ್ಧಪಡಿಸಿತು. 1984ರಲ್ಲಿ ರಾಕೇಶ್ ಶರ್ಮಾ ಅವರೊಡನೆ ಬಾಹ್ಯಾಕಾಶಕ್ಕೆ ಹೋದ ಭಾರತೀಯ ತಿನಿಸುಗಳೂ ಅಲ್ಲಿಯವೇ. ಆಹಾರ ಕೆಡದಿರಲು ಅದರ ನೀರು ತೆಗೆಯುವುದು ಒಂದು ದೊಡ್ಡ ಉಪಾಯ. ನಮ್ಮ ಅಜ್ಜಿಯಂದಿರಿಗೂ ಅದು ಗೊತ್ತಿತ್ತು. ಉತ್ತರ ಕರ್ನಾಟಕದ ಖಡಕ್ ರೊಟ್ಟಿ, ಹಳೆ ಮೈಸೂರಿನ ಹುರಿಹಿಟ್ಟು, ಕರಾವಳಿಯ ಮಾಂಬಳ ಇವೆಲ್ಲ ಮತ್ತೇನು?

ಹಾಗಾದರೆ ಒಂದು ದಿನದ ಚಾರಣಕ್ಕೆ ಏನು ಒಯ್ಯಬೇಕು? ಒಗ್ಗರಣೆ ಹಾಕಿ ಗರಿಗರಿಯಾಗಿ ಹುರಿದ ಅವಲಕ್ಕಿ, ರೊಟ್ಟಿ, ಚಟ್ನಿಪುಡಿ, ಶೇಂಗಾ ಚಿಕ್ಕಿ. ಹುರಿಹಿಟ್ಟಿಗೆ ಬೆಲ್ಲ, ನೀರು ಬೆರೆಸಿ ಕಲಸಿದರೆ ಅದೇ ಊಟ. ಪುಡಿಗೆ ಹಸಿ ಕಾಯಿಯ ಬದಲು ಒಣ ಕೊಬ್ಬರಿ ಹಾಕಿ. ಅನ್ನ ಬೇಕೇಬೇಕೆಂದರೆ ಹುಳಿ, ಎಣ್ಣೆ ಮುಂದಾಗಿರುವ ಪುಳಿಯೋಗರೆ ಒಯ್ದು ಬೆಳಗ್ಗೆಯೇ ಮುಗಿಸಿಬಿಡಿ. ಒಣ ತಿಂಡಿ ಬಾಯಾರಿಸುತ್ತದೆ. ತಲೆಗೆ ಮೂರು ಲೀಟರ್ ನೀರು, ಚಿಟಿಕೆ ಉಪ್ಪು, ಎರಡು ನಿಂಬೆಹಣ್ಣು ಮರೆಯಬೇಡಿ. ಖಾಲಿ ಪೊಟ್ಟಣಗಳನ್ನು ಕೋಟೆಯ ಮೇಲೆ ಬಿಡದೆ ಹೊತ್ತು ತನ್ನಿ. ಬಟ್ಟೆಯ ಗಂಟಿಗೆ ಆ ಚಿಂತೆಯೂ ಇಲ್ಲ.

ಕೊನೆಗೊಂದು ಮಾತು. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಕಡೆತನಕ ಬಾರದು ಎಂಬ ಗಾದೆ ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ. ಆದ್ದರಿಂದ ಈ ಶನಿವಾರ ಸಂಜೆ ಅಮ್ಮನಿಗೆ "ಕಟ್ಟಿಕೊಡು" ಎನ್ನಬೇಡಿ. ಪಕ್ಕದಲ್ಲಿ ನಿಂತು, ಶೇಂಗಾ ಎಷ್ಟು ಹುರಿಯಬೇಕು, ಉಪ್ಪು ಎಷ್ಟು ಎಂದು ಕೇಳಿ, ನೀವೇ ಕುಟ್ಟಿ. ಹೇಳಿಕೊಡುವವರು ಮನೆಯಲ್ಲಿ ಇರುವಾಗಲೇ ಕಲಿತ ಬುತ್ತಿ ಮಾತ್ರ ಕಡೆತನಕ ಬಂದೀತು.