ಗ್ಯಾರೇಜಿನ ವಿಮಾನ, ಭುಜದ ಹಿಂದಿನ ನಾಬ್

ವಿಮಾನದೊಳಕ್ಕೆ ಹತ್ತುವ ಜಾಗದಲ್ಲಿ, ಎಲ್ಲರ ಕಣ್ಣಿಗೂ ಬೀಳುವಂತೆ, ಕನಿಷ್ಠ ಎರಡು ಅಂಗುಲ ಎತ್ತರದ ಅಕ್ಷರಗಳಲ್ಲಿ ‘ಎಕ್ಸ್‌ಪೆರಿಮೆಂಟಲ್’ ಎಂದು ಬರೆದಿರಬೇಕು. ಒಳಗೆ ಇನ್ನೊಂದು ಫಲಕ ಇರಬೇಕು: ಇದು ಹವ್ಯಾಸಿಯೊಬ್ಬ ಕಟ್ಟಿದ ವಿಮಾನ, ಕಾರ್ಖಾನೆಯ ವಿಮಾನಗಳಿಗೆ ಸರ್ಕಾರ ವಿಧಿಸಿದ ಸುರಕ್ಷತಾ ನಿಯಮಗಳನ್ನು ಇದು ಪಾಲಿಸಿಲ್ಲ ಎಂದು. ಅಮೆರಿಕದಲ್ಲಿ ಜನ ಮನೆಯಲ್ಲೇ ಕಟ್ಟಿಕೊಂಡ ಪುಟ್ಟ ವಿಮಾನಗಳಿಗೆಲ್ಲ ಈ ಎರಡು ಬರಹ ಕಡ್ಡಾಯ. ಇಷ್ಟು ಓದಿಯೂ ಹತ್ತುವುದಾದರೆ ಹತ್ತಿ, ಅಷ್ಟೆ.

ಮನೆಯಲ್ಲಿ ವಿಮಾನ ಕಟ್ಟುವುದೆಂದರೆ ತಮಾಷೆಯ ಮಾತಲ್ಲ. ಅಲ್ಲಿ ಶಾಲಾ ಮೇಷ್ಟ್ರು, ದಂತವೈದ್ಯ, ನಿವೃತ್ತ ಬಸ್ ಮೆಕಾನಿಕ್, ಹೀಗೆ ಯಾರು ಬೇಕಾದರೂ ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ ವಿಮಾನ ಕಟ್ಟಬಹುದು. ನಿಯಮ ಒಂದೇ: ಕೆಲಸದ ಹೆಚ್ಚು ಪಾಲನ್ನು ಅವರೇ ಮಾಡಿರಬೇಕು. ಇದಕ್ಕೆ ‘ಶೇಕಡ 51ರ ನಿಯಮ’ ಎಂದೇ ಹೆಸರು. ಯಾಕಾಗಿ ಕಟ್ಟಬಹುದು ಎಂಬುದನ್ನೂ ಕಾನೂನು ಹೇಳಿದೆ. ಸ್ವಂತ ಶಿಕ್ಷಣಕ್ಕೆ ಅಥವಾ ಮನರಂಜನೆಗೆ ಮಾತ್ರ. ಶಿಕ್ಷಣ ಎಂಬ ಪದ ಮೊದಲು ಬರುತ್ತದೆ ಎಂಬುದನ್ನು ಪೋಷಕರು ಗಮನಿಸಬೇಕು. ಕಟ್ಟಿ ಮುಗಿದ ಮೇಲೆ ಅಧಿಕಾರಿಯೊಬ್ಬರು ಬಂದು ಪರೀಕ್ಷಿಸುತ್ತಾರೆ. ನಂತರ ಸಾಮಾನ್ಯವಾಗಿ 25 ಅಥವಾ 40 ಗಂಟೆ, ಗೊತ್ತುಪಡಿಸಿದ ಪ್ರದೇಶದ ಮೇಲೆ, ಪ್ರಯಾಣಿಕರಿಲ್ಲದೆ ಹಾರಿಸಿ ತೋರಿಸಬೇಕು. ಆದರೆ ಕೊಂಡು ತಂದ ನಕ್ಷೆಯಲ್ಲಿ ಇದ್ದಂತೆಯೇ ಕಟ್ಟಬೇಕು ಎಂಬ ಕಟ್ಟಳೆ ಮಾತ್ರ ಇಲ್ಲ. ಬೇಕಾದಂತೆ ಬದಲಾಯಿಸಿಕೊಳ್ಳಬಹುದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥ ಹವ್ಯಾಸಿಗಳ ಸಂಘವೊಂದು 1953ರಲ್ಲಿ ಮಿಲ್ವಾಕಿ ನಗರದಲ್ಲಿ ಹುಟ್ಟಿತು. ಅದರ ಸ್ಥಾಪಕ ಪಾಲ್ ಪೊಬೆರೆಜ್ನಿ. ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಎಂಬ ಆ ಸಂಘದ ವಾರ್ಷಿಕ ಜಾತ್ರೆ 1970ರಿಂದ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್‌ನಲ್ಲಿ ನಡೆಯುತ್ತಿದೆ. ಈ ಜಾತ್ರೆಯಲ್ಲಿ ಎಲ್ಲರ ಕಣ್ಣು ಕುಕ್ಕಿದವನೆಂದರೆ ಬರ್ಟ್ ರುಟಾನ್.

ರುಟಾನ್ ಹುಟ್ಟಿದ್ದು 1943ರಲ್ಲಿ. ಬಾಲ್ಯವೆಲ್ಲ ಮಾದರಿ ವಿಮಾನಗಳ ಜತೆ. ಓದು ಮುಗಿಸಿ 1965ರಿಂದ ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಹಾರಾಟ ಪರೀಕ್ಷೆಯ ಎಂಜಿನಿಯರ್. ಬಿಡುವಿನ ವೇಳೆಯಲ್ಲಿ ತನ್ನದೇ ವಿಮಾನದ ಕನಸು. ಅದರ ಮಾದರಿಯನ್ನು ಪರೀಕ್ಷಿಸಲು ಗಾಳಿ ಸುರಂಗ ಬೇಕು, ಬಾಡಿಗೆಗೆ ದುಡ್ಡು ಎಲ್ಲಿದೆ? ಕಾರಿನ ತಲೆಯ ಮೇಲೆ ಮಾದರಿಯನ್ನು ಅಳತೆ ಸಾಧನಗಳ ಸಮೇತ ಕಟ್ಟಿ, ಖಾಲಿ ರಸ್ತೆಯಲ್ಲಿ ವೇಗವಾಗಿ ಓಡಿಸಿದ. ಗಾಳಿ ಬೀಸುವುದಕ್ಕೂ ನಾವೇ ಗಾಳಿಗೆ ನುಗ್ಗುವುದಕ್ಕೂ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ ತಾನೇ!

ಮುಂದೆ ಮೊಹಾವಿ ಮರುಭೂಮಿಯಲ್ಲಿ ಶೆಡ್ ಹಾಕಿಕೊಂಡು ಆತ ರೂಪಿಸಿದ ವಿಮಾನಗಳಲ್ಲಿ ಎರಡು ಹವ್ಯಾಸಿಗಳ ಲೋಕವನ್ನೇ ಬದಲಿಸಿದವು. ಒಂದು 1975ರಲ್ಲಿ ಹಾರಿದ ‘ವ್ಯಾರಿ-ಈಝಿ’. ಇನ್ನೊಂದು 1979ರಲ್ಲಿ ಹಾರಿದ ‘ಲಾಂಗ್-ಈಝಿ’. ಆತ ಮಾರಿದ್ದು ವಿಮಾನವನ್ನಲ್ಲ, ಕಾಗದವನ್ನು. ನಕ್ಷೆಯ ಕಟ್ಟು ಕೊಂಡವರು ಸಾಮಾನು ತರಿಸಿಕೊಂಡು ತಾವೇ ಕಟ್ಟಬೇಕು.

ಲಾಂಗ್-ಈಝಿಯನ್ನು ಮೊದಲ ಸಲ ನೋಡಿದವರು ಅದು ಹಿಂದುಮುಂದಾಗಿದೆ ಅಂದುಕೊಳ್ಳುತ್ತಾರೆ. ಎಂಜಿನ್ನು, ಪ್ರೊಪೆಲ್ಲರು ಹಿಂದೆ. ಬಾಲದಲ್ಲಿರಬೇಕಾದ ಪುಟ್ಟ ರೆಕ್ಕೆ ಮೂತಿಯ ಬಳಿ. ಒಬ್ಬರ ಹಿಂದೆ ಒಬ್ಬರಂತೆ ಇಬ್ಬರು ಕೂರಬಹುದು. ಇಳಿದ ಮೇಲೆ ಮುಂದಿನ ಗಾಲಿಯನ್ನು ಮಡಿಸಿ ಮೂತಿಯನ್ನು ನೆಲಕ್ಕೂರಿ ನಿಲ್ಲಿಸುತ್ತಾರೆ, ನೀರು ಕುಡಿಯಲು ಬಗ್ಗಿದ ಕರುವಿನ ಹಾಗೆ. ಮುಂದಿನ ಆ ರೆಕ್ಕೆಗೆ ‘ಕೆನಾರ್ಡ್’ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಹಾಗೆಂದರೆ ಬಾತುಕೋಳಿ.

ಅದು ಬರೀ ಶೋಕಿಗೆ ಇರುವುದಲ್ಲ. ಯಾವುದೇ ವಿಮಾನ ವೇಗ ಕಳೆದುಕೊಂಡು ಮೂತಿಯನ್ನು ಮೇಲೆತ್ತುತ್ತಲೇ ಹೋದರೆ, ಒಂದು ಹಂತದಲ್ಲಿ ರೆಕ್ಕೆಯ ಬೆನ್ನಿನ ಮೇಲೆ ಹರಿಯುವ ಗಾಳಿ ಕಿತ್ತುಹೋಗುತ್ತದೆ. ಎತ್ತುವ ಬಲ ಕುಸಿಯುತ್ತದೆ. ಇದಕ್ಕೆ ‘ಸ್ಟಾಲ್’ ಎನ್ನುತ್ತಾರೆ. ನೆಲದ ಹತ್ತಿರ ಹೀಗಾದರೆ ಬದುಕುವುದು ಕಷ್ಟ. ರುಟಾನನ ವಿಮಾನದಲ್ಲಿ ಈ ಸ್ಥಿತಿ ದೊಡ್ಡ ರೆಕ್ಕೆಗಿಂತ ಮೊದಲು ಕೆನಾರ್ಡಿಗೆ ಬರುತ್ತದೆ. ಆಗ ಮೂತಿ ತಾನೇ ತುಸು ತಗ್ಗುತ್ತದೆ, ವೇಗ ಕೂಡಿಕೊಳ್ಳುತ್ತದೆ, ದೊಡ್ಡ ರೆಕ್ಕೆ ತನ್ನ ಕೆಲಸ ಮುಂದುವರಿಸುತ್ತದೆ. ಆದರೆ ಕೆನಾರ್ಡಿನ ಆಕಾರವೂ ಅದನ್ನು ಕೂರಿಸಿದ ಕೋನವೂ ನಕ್ಷೆಯಲ್ಲಿದ್ದಂತೆಯೇ ಇರಬೇಕು. ಗ್ಯಾರೇಜಿನ ಕೆಲಸಗಾರನ ಕೈ ಅಲ್ಲಿ ಸ್ವಲ್ಪ ತಪ್ಪಿದರೂ ಈ ರಕ್ಷಣೆ ಕೈಕೊಡುತ್ತದೆ.

ಕಟ್ಟುವ ಕ್ರಮವನ್ನು ವಿದ್ಯಾರ್ಥಿಗಳು ತಿಳಿಯುವುದು ಒಳ್ಳೆಯದು. ಗಣಪತಿ ಮಂಟಪಕ್ಕೆ ಥರ್ಮೋಕೋಲ್ ಕತ್ತರಿಸುವ ಕಾದ ತಂತಿಯನ್ನು ನೀವು ಕಂಡಿರುತ್ತೀರಿ. ಈ ವಿಮಾನದ ರೆಕ್ಕೆಯೂ ಅಲ್ಲಿಂದಲೇ ಶುರು. ಥರ್ಮೋಕೋಲಿನ ಜಾತಿಯದೇ, ಇನ್ನಷ್ಟು ಗಟ್ಟಿಯಾದ ಫೋಮಿನ ದಿಮ್ಮಿ. ಅದರ ಎರಡೂ ತುದಿಗೆ ರೆಕ್ಕೆಯ ಅಡ್ಡಕೊಯ್ತದ ಆಕಾರದ ಪ್ಲೈವುಡ್ ಅಚ್ಚು ಹೊಡೆಯುತ್ತಾರೆ. ಅಚ್ಚಿನ ಅಂಚಿಗೆ ಒಂದು, ಎರಡು, ಮೂರು ಎಂದು ಅಂಕಿಗಳ ಗುರುತು. ಕಾದ ತಂತಿಯ ಒಂದೊಂದು ತುದಿಯನ್ನು ಒಬ್ಬೊಬ್ಬರು ಹಿಡಿಯಬೇಕು. ಒಬ್ಬರು ‘ಹತ್ತು... ಹನ್ನೊಂದು...’ ಎಂದು ಕೂಗುತ್ತಾರೆ, ಇನ್ನೊಬ್ಬರು ಅದೇ ಹೊತ್ತಿಗೆ ತಮ್ಮ ತುದಿಯ ಅದೇ ಅಂಕಿಯನ್ನು ದಾಟಬೇಕು. ರೆಕ್ಕೆಯ ಬುಡ ಅಗಲ, ತುದಿ ಕಿರಿದು. ಹಾಗಾಗಿ ಇಬ್ಬರ ಕೈಯ ವೇಗವೂ ಬೇರೆ ಬೇರೆ. ಒಬ್ಬರು ಅವಸರಪಟ್ಟರೂ ರೆಕ್ಕೆಯ ಮೈ ಕೆಡುತ್ತದೆ. ಗಂಡ ಹೆಂಡತಿ, ಅಪ್ಪ ಮಗಳು ಜತೆಯಾಗಿ ಮಾಡುವ ಕೆಲಸ ಇದು.

ಆಮೇಲೆ ಗಾಜಿನ ನಾರಿನ ಬಟ್ಟೆ. ಅದನ್ನು ಫೋಮಿನ ಮೇಲೆ ಹೊದಿಸಿ ಎಪಾಕ್ಸಿ ಅಂಟು ಬಳಿಯುತ್ತಾರೆ. ಫೋಮು ಆಕಾರ ಕೊಡುತ್ತದೆ, ಭಾರ ಹೊರುವುದು ಗಾಜಿನ ನಾರು. ಅದಕ್ಕೇ ಎಳೆಗಳು ಯಾವ ದಿಕ್ಕಿಗೆ ಓಡಬೇಕು, ಯಾವ ಜಾಗದಲ್ಲಿ ಎಷ್ಟು ಪದರ ಎಂಬುದನ್ನೆಲ್ಲ ನಕ್ಷೆ ಹೇಳುತ್ತದೆ. ಅಂಟು ಜಾಸ್ತಿಯಾದಷ್ಟೂ ಗಟ್ಟಿ ಎಂದು ಹೊಸಬರು ತಿಳಿಯುತ್ತಾರೆ. ಅದು ತಪ್ಪು. ಹೆಚ್ಚಾದ ಅಂಟು ತೂಕವನ್ನಷ್ಟೇ ಸೇರಿಸುತ್ತದೆ. ಆದ್ದರಿಂದ ಮೊದಲು ಒಂದು ಚಿಕ್ಕ ತುಂಡನ್ನು ಅಭ್ಯಾಸಕ್ಕೆ ಮಾಡಿ, ಒಣಗಿಸಿ, ತಕ್ಕಡಿಯಲ್ಲಿ ತೂಗಿ ನೋಡಬೇಕು. ತೂಕ ಮೀರಿದರೆ ಇನ್ನೊಂದು ತುಂಡು. ವಿಮಾನಕ್ಕೆ ಕೈಹಚ್ಚುವುದು ಆಮೇಲೆ. ಕೈಗವಸಿಲ್ಲದೆ ಎಪಾಕ್ಸಿ ಮುಟ್ಟಿ ಚರ್ಮದ ಅಲರ್ಜಿ ತಂದುಕೊಂಡು ಅರ್ಧಕ್ಕೇ ಕೆಲಸ ನಿಲ್ಲಿಸಿದವರೂ ಇದ್ದಾರೆ.

ಒಟ್ಟು ಸಾವಿರ ಗಂಟೆಗೂ ಮೀರಿದ ದುಡಿಮೆ. ಸಂಜೆ, ಭಾನುವಾರದ ಲೆಕ್ಕದಲ್ಲಿ ವರ್ಷಗಳೇ ಬೇಕು. ಕೊನೆಗೆ ಬಿಳಿ ಬಣ್ಣ. ಕೆಂಪೋ ನೀಲಿಯೋ ಬಳಿದರೆ ಚೆಂದ ಎನ್ನಿಸಬಹುದು, ಆದರೆ ಗಾಢ ಬಣ್ಣ ಬಿಸಿಲನ್ನು ಹೀರುತ್ತದೆ. ಬಿಸಿ ಏರಿದರೆ ಎಪಾಕ್ಸಿಯೂ ಫೋಮೂ ಮೆತ್ತಗಾಗುತ್ತವೆ. ನಕ್ಷೆಯಲ್ಲಿ ‘ಬಿಳಿ’ ಎಂದಿರುವುದಕ್ಕೆ ಅದು ಕಾರಣ.

ಈ ಕಥೆಗೆ ನಮ್ಮೂರಿನ ನಂಟೂ ಇದೆ. ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯದವರು ನಾರು-ಅಂಟಿನ ಈ ವಿದ್ಯೆಯನ್ನು ಕೈಯಾರೆ ಮಾಡಿ ಕಲಿಯಲು ಆರಿಸಿಕೊಂಡದ್ದು ಇದೇ ಲಾಂಗ್-ಈಝಿಯನ್ನು. ಅದನ್ನು ಆಧರಿಸಿ ಕಟ್ಟಿದ ‘ಲೈಟ್ ಕೆನಾರ್ಡ್ ರಿಸರ್ಚ್ ಏರ್‌ಕ್ರಾಫ್ಟ್’ 1987ರಲ್ಲಿ ಹಾರಿತು. ಹಿಂದುಮುಂದಾದ ಆ ಆಕಾರವನ್ನು ಎನ್‌ಎಎಲ್ ಮುಂದುವರಿಸಲಿಲ್ಲ. 1993ರಲ್ಲಿ ಮೊದಲು ಹಾರಿದ ‘ಹಂಸ’ ಮಾಮೂಲಿನಂತೆ ಮುಂದೆ ಪ್ರೊಪೆಲ್ಲರ್, ಹಿಂದೆ ಬಾಲ ಇರುವ ತರಬೇತಿ ವಿಮಾನ. ಆದರೆ ಅದರ ಮೈಯೂ ಗಾಜಿನ ನಾರಿನದೇ. ದೊಡ್ಡ ಪ್ರಯೋಗಾಲಯವೊಂದು ಹವ್ಯಾಸಿಗಳ ವಿಮಾನದಿಂದ ಪಾಠ ಕಲಿಯಲು ಸಂಕೋಚಪಡಲಿಲ್ಲ ಎಂಬುದು ನನಗೆ ಮೆಚ್ಚಿಗೆಯಾದ ಸಂಗತಿ.

ನಕ್ಷೆ ಮಾರಿದ ಮೇಲೆ ರುಟಾನ್ ಕೈತೊಳೆದುಕೊಳ್ಳಲಿಲ್ಲ. ‘ಕೆನಾರ್ಡ್ ಪುಷರ್’ ಎಂಬ ಪತ್ರಿಕೆಯ ಮೂಲಕ ಕಟ್ಟುವವರಿಗೆಲ್ಲ ತಿದ್ದುಪಡಿ, ಎಚ್ಚರಿಕೆಗಳನ್ನು ಕಳಿಸುತ್ತಿದ್ದ. ಮಳೆಯಲ್ಲಿ ಹಾರಿದಾಗ ಕೆನಾರ್ಡಿನ ಮೇಲೆ ನೀರಹನಿ ಕೂತು ಎತ್ತುವ ಬಲ ಇಳಿಯುತ್ತದೆ, ಮೂತಿ ಕೆಳಗೆ ಎಳೆಯುತ್ತದೆ ಎಂಬ ದೂರು ಬಂತು. ಜಾನ್ ರಾಂಕ್ಸ್ ಎಂಬ ತಜ್ಞ ಬೇರೊಂದು ಆಕಾರ ರೂಪಿಸಿಕೊಟ್ಟರು. ಮಳೆಗೆ ಬೆದರದ ಹೊಸ ಕೆನಾರ್ಡನ್ನು ಜನ ಕಟ್ಟಿ ಕೂರಿಸಿಕೊಂಡರು. ನಕ್ಷೆಯ ಮಾರಾಟ 1985ರಲ್ಲಿ ನಿಂತಿತು. ಯಾರೋ ಕಟ್ಟಿದ ವಿಮಾನದ ಅಪಘಾತಕ್ಕೆ ನಕ್ಷೆ ಬರೆದವನನ್ನು ಕೋರ್ಟಿಗೆ ಎಳೆಯುವ ಭಯ ಅದಕ್ಕೆ ಕಾರಣ. ಆಮೇಲೂ ಈ ವಿಮಾನಗಳು ಒಬ್ಬರಿಂದ ಒಬ್ಬರಿಗೆ ಮಾರಾಟವಾಗುತ್ತ ಹಾರುತ್ತಲೇ ಇವೆ.

ಹೀಗೆ ಕೈಬದಲಾದ ಲಾಂಗ್-ಈಝಿಗಳಲ್ಲಿ ಒಂದನ್ನು 1997ರಲ್ಲಿ ಕೊಂಡವನು ಪ್ರಸಿದ್ಧ ಗಾಯಕ ಜಾನ್ ಡೆನ್ವರ್. ಹೊಸಬನೇನಲ್ಲ, 2,700 ಗಂಟೆಗೂ ಹೆಚ್ಚು ಹಾರಿದ ಅನುಭವಿ.

ಹಳೆಯ ಸ್ಕೂಟರ್ ಓಡಿಸಿದ ಅಪ್ಪಂದಿರಿಗೆ ಪೆಟ್ರೋಲ್ ನಾಬ್ ಗೊತ್ತಿರುತ್ತದೆ. ಗಾಡಿ ಕೊಸರಿದ ಕೂಡಲೇ ಕಾಲ ಹತ್ತಿರ ಕೈಹಾಕಿ ‘ರಿಸರ್ವ್’ಗೆ ತಿರುಗಿಸುವುದು. ಲಾಂಗ್-ಈಝಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಟ್ಯಾಂಕು, ನಡುವೆ ಬದಲಿಸಲು ಇಂಥದೇ ನಾಬು. ರುಟಾನನ ನಕ್ಷೆಯಲ್ಲಿ ಅದು ಪೈಲಟನ ಕಾಲುಗಳ ನಡುವೆ, ಸುಲಭವಾಗಿ ಕೈಗೆ ಸಿಗುವಂತೆ ಇತ್ತು. ಈ ವಿಮಾನವನ್ನು ಕಟ್ಟಿದವನಿಗೆ ಮಾತ್ರ ಪೆಟ್ರೋಲಿನ ಕೊಳವೆ ತಾನು ಕೂರುವ ಜಾಗಕ್ಕೆ ಬರುವುದು ಇಷ್ಟವಿರಲಿಲ್ಲ. ಸೋರಿ ಬೆಂಕಿ ಹತ್ತಿದರೆ? ಹಾಗಾಗಿ ನಾಬನ್ನು ಹಿಂದಕ್ಕೆ, ಪೈಲಟನ ಎಡಭುಜದ ಹಿಂದಿನ ಗೋಡೆಗೆ ಸಾಗಿಸಿದ್ದ. ಯಾವ ದಿಕ್ಕಿಗೆ ಯಾವ ಟ್ಯಾಂಕು ಎಂಬ ಗುರುತು ಅಲ್ಲಿ ಇರಲಿಲ್ಲ. ಕಾನೂನಿನ ಪ್ರಕಾರ ಸ್ಥಳ ಬದಲಿಸಲು ಅಡ್ಡಿಯೂ ಇರಲಿಲ್ಲ.

1997ರ ಅಕ್ಟೋಬರ್ 12ರ ಸಂಜೆ ಕ್ಯಾಲಿಫೋರ್ನಿಯಾದ ಮಾಂಟೆರೆ ವಿಮಾನ ನಿಲ್ದಾಣದಲ್ಲಿ ಡೆನ್ವರ್ ಮತ್ತು ಅಲ್ಲಿನ ತಂತ್ರಜ್ಞ ಈ ನಾಬಿನ ಬಗೆಗೇ ಮಾತಾಡಿಕೊಂಡಿದ್ದರು. ಕೈಗೆ ಎಟುಕುವುದಿಲ್ಲ, ತಿರುಗಿಸಲೂ ಬಿಗಿ. ಇಕ್ಕಳ ಸಿಕ್ಕಿಸಿ ಉದ್ದ ಮಾಡಿ ನೋಡಿದರು, ಆಗಲಿಲ್ಲ. ಇಂಧನದ ಮಟ್ಟ ತೋರಿಸುವ ಗಾಜೂ ಹಿಂದುಗಡೆ ಇದ್ದುದರಿಂದ, ನೋಡಿಕೊಳ್ಳಲು ತಂತ್ರಜ್ಞ ಒಂದು ಕನ್ನಡಿ ಕೊಟ್ಟ. ಪೆಟ್ರೋಲ್ ಹಾಕಿಸುವಿರಾ ಎಂದದ್ದಕ್ಕೆ ಡೆನ್ವರ್ ಬೇಡವೆಂದ. ಒಂದು ಗಂಟೆಯ ಹಾರಾಟ ಅಷ್ಟೇ ತಾನೇ.

ಕೆಲವು ಸಲ ಇಳಿದು ಏರುವ ಅಭ್ಯಾಸ ಮಾಡಿ ವಿಮಾನ ಸಮುದ್ರದ ಕಡೆ ಹೊರಟಿತು. ಎತ್ತರ ಐನೂರು ಅಡಿಯ ಆಸುಪಾಸು. ಎಂಜಿನ್ನಿನ ಸದ್ದು ಅಡಗಿದ್ದನ್ನು ದಡದಲ್ಲಿದ್ದವರು ಕೇಳಿಸಿಕೊಂಡರು. ವಿಮಾನ ಬಲಕ್ಕೆ ವಾಲಿ ನೇರ ನೀರಿಗೆ ಬಿತ್ತು. ಡೆನ್ವರ್‌ಗೆ ಆಗ 53 ವರ್ಷ.

ತನಿಖೆ ನಡೆಸಿದವರು ಅದೇ ಬಗೆಯ ವಿಮಾನದಲ್ಲಿ ಕೂತು ನೋಡಿದರು. ಭುಜದ ಹಿಂದಿನ ನಾಬನ್ನು ಮುಟ್ಟಬೇಕಾದರೆ ಬಲಗೈ ಚಾಲನೆಯ ಕಡ್ಡಿಯನ್ನು ಬಿಟ್ಟು ಇಡೀ ಮೈ ಎಡಕ್ಕೆ ತಿರುಗಬೇಕು. ಹಾಗೆ ತಿರುಗುವಾಗ ಆಸರೆಗೆಂದು ಬಲಗಾಲು ತಾನಾಗಿ ಚಾಚುತ್ತದೆ. ಅಲ್ಲಿರುವುದು ಬಲ ರಡ್ಡರ್ ಪೆಡಲ್! ಅದನ್ನು ಒತ್ತಿದರೆ ವಿಮಾನ ಬಲಕ್ಕೆ ತಿರುಗುತ್ತದೆ. ನಾಬಿಗಾಗಿ ಹೋದ ಗಮನ, ಅರಿವಿಲ್ಲದೆ ಪೆಡಲ್ ಒತ್ತಿದ ಕಾಲು, ಇವೇ ಕಾರಣ ಎಂದಿತು ಸುರಕ್ಷತಾ ಮಂಡಳಿಯ ವರದಿ. ಪೆಟ್ರೋಲ್ ಹಾಕಿಸದೆ ಹೊರಟದ್ದನ್ನೂ, ಈ ವಿಮಾನದ ರೂಢಿ ಸಾಲದೆ ಹೋದದ್ದನ್ನೂ, ಗುರುತಿಲ್ಲದ ನಾಬನ್ನು ಕೈಗೆ ಸಿಗದಲ್ಲಿ ಇಟ್ಟದ್ದನ್ನೂ ಅದು ಜತೆಗೆ ಸೇರಿಸಿತು. ಪರೀಕ್ಷೆಗೆ ಬರುವ ಅಧಿಕಾರಿ ಇನ್ನು ಮೇಲೆ ನಾಬು, ಹಿಡಿಕೆಗಳು ಕೈಗೆಟುಕುತ್ತವೆಯೇ, ಗುರುತು ಇದೆಯೇ ಎಂಬುದನ್ನೂ ನೋಡಲಿ ಎಂದು 1999ರಲ್ಲಿ ಶಿಫಾರಸು ಮಾಡಿತು.

ಕಟ್ಟಿದವನನ್ನು ದಡ್ಡ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಪೆಟ್ರೋಲಿನಿಂದ ದೂರವಿರಬೇಕೆಂದು ಯೋಚಿಸಿದವನು ಅವನು. ಬೆಂಕಿಯ ಅಪಾಯವನ್ನು ಲೆಕ್ಕ ಹಾಕಿದ. ರುಟಾನ್ ನಾಬನ್ನು ಮುಂದೆಯೇ ಯಾಕೆ ಇಟ್ಟಿದ್ದಾನೆ ಎಂಬುದನ್ನು ಅಷ್ಟೇ ಗಂಭೀರವಾಗಿ ಕೇಳಿಕೊಂಡಿದ್ದರೆ? ಎಂಜಿನ್ ನಿಂತು ಎರಡು ಕೈಯೂ ಎರಡು ಕಾಲೂ ಬೇಕಾದ ಹೊತ್ತಿನಲ್ಲಿ ಈ ನಾಬನ್ನು ತಿರುಗಿಸುವುದು ಹೇಗೆಂದು ನೆಲದ ಮೇಲೆಯೇ ಕೂತು ಒಮ್ಮೆ ಅಭಿನಯಿಸಿ ನೋಡಬಹುದಿತ್ತು.

ನಮ್ಮ ದೇಶದಲ್ಲಿ ಇದು ಸಾಧ್ಯವೇ ಎಂದು ಕೇಳುವವರಿಗೆ ಮುಂಬೈನ ಅಮೋಲ್ ಯಾದವ್ ಉದಾಹರಣೆ ಇದೆ. ವೃತ್ತಿಯಿಂದ ಪೈಲಟ್ ಆದ ಅವರು ತಮ್ಮ ಮನೆಯ ತಾರಸಿಯ ಮೇಲೆ ಆರು ಜನ ಕೂರುವ ವಿಮಾನ ಕಟ್ಟಿದರು. 2016ರಲ್ಲಿ ಅದು ಮುಂಬೈನ ಪ್ರದರ್ಶನವೊಂದರಲ್ಲಿ ಜನರ ಕಣ್ಣಿಗೆ ಬಿತ್ತು. ಸರ್ಕಾರದ ನೋಂದಣಿ ಸಿಕ್ಕಿದ್ದು 2017ರಲ್ಲಿ. ಕಟ್ಟಿದ್ದಕ್ಕಿಂತ ಕಾಗದಪತ್ರ ಹಿಡಿದು ಅಲೆದದ್ದೇ ಅವರ ತಾಳ್ಮೆಯ ನಿಜವಾದ ಪರೀಕ್ಷೆ ಇರಬೇಕು.

ಹೈಸ್ಕೂಲಿನವರು ಅಷ್ಟು ದೂರ ಹೋಗಬೇಕಾಗಿಲ್ಲ. ಎನ್‌ಸಿಸಿಯ ವಾಯುದಳ ವಿಭಾಗದಲ್ಲಿ ಮಾದರಿ ವಿಮಾನ ಕಟ್ಟುವುದನ್ನು ಕಲಿಸುತ್ತಾರೆ. ಹತ್ತಿರದ ಶಾಲೆಯಲ್ಲೋ ಕಾಲೇಜಿನಲ್ಲೋ ಆ ವಿಭಾಗ ಇದೆಯೇ ವಿಚಾರಿಸಿ. ಮನೆಯಲ್ಲೇ ಒಂದು ರೆಕ್ಕೆಯ ತುಂಡು ಕತ್ತರಿಸಿ ನೋಡುವುದಾದರೆ ಬಿಳಿಯ ಥರ್ಮೋಕೋಲ್ ಸಾಕು. ರಟ್ಟಿನ ಅಚ್ಚು ಎರಡು, ಅಂಕಿಗಳ ಗುರುತು, ತಂತಿಯ ಇನ್ನೊಂದು ತುದಿಗೆ ಅಪ್ಪನೋ ಅಮ್ಮನೋ. ತಂತಿಯನ್ನು ಬ್ಯಾಟರಿಯಿಂದಲೇ ಕಾಯಿಸಿ, ಮನೆಯ ಪ್ಲಗ್ಗಿಗೆ ನೇರ ಜೋಡಿಸಲೇಬಾರದು. ಕಿಟಕಿ ತೆರೆದಿರಲಿ. ಸೋಫಾದಲ್ಲೋ ಹಾಸಿಗೆಯಲ್ಲೋ ಇರುವ ಫೋಮಿಗೆ ಮಾತ್ರ ಕಾದ ತಂತಿ ತಗುಲಿಸಬೇಡಿ. ಅದು ಬೇರೆ ಜಾತಿ, ಸುಟ್ಟರೆ ವಿಷದ ಹೊಗೆ ಬರುತ್ತದೆ. ರುಟಾನನೂ ಆ ಜಾತಿಯ ಫೋಮನ್ನು ಚಾಕುವಿನಿಂದಲೇ ಕತ್ತರಿಸಿ ಎಂದಿದ್ದ.